ಹೆಸರಿಲ್ಲದ ಪಾರ್ಟಿಷನ್

ಪರದೆಯ ಮೇಲಿನ ನೀಲಿ ಪಟ್ಟಿ ಶೇಕಡಾ ಅರವತ್ತೆರಡಕ್ಕೆ ಬಂದಿತ್ತು. ಅವಳು ಸ್ಕ್ರೂಡ್ರೈವರನ್ನು ಜಡೆಗೆ ಸಿಕ್ಕಿಸಿಕೊಂಡು ಪಕ್ಕದ ಪ್ರಿಂಟರಿನ ಹೊಟ್ಟೆ ಬಿಚ್ಚಲು ಕೈ ಹಾಕಿದ್ದಳು. ಅಷ್ಟರಲ್ಲಿ ಅಂಗಡಿಯ ಗಾಜಿನ ಬಾಗಿಲು ದಡಕ್ಕನೆ ಗೋಡೆಗೆ ಬಡಿಯಿತು.

ಒಳಗೆ ಬಂದವನು ಓಡಿ ಬಂದಿದ್ದ. ಮೊಣಕಾಲಿನವರೆಗೆ ಚರ್ಮದ ಏಪ್ರನ್, ಬೆರಳ ತುದಿಗಳಲ್ಲಿ ಒಣಗಿದ ಅಂಟು, ಒಂದು ಹುಬ್ಬಿನ ಮೇಲೆ ಸೀಮೆಸುಣ್ಣದ ಪುಡಿ. ಉಸಿರು ಹತೋಟಿಗೆ ಬರುವ ಮೊದಲೇ ಮಾತು ಬಂತು.

"ಕಪ್ಪು ಲ್ಯಾಪ್‌ಟಾಪ್... ಮುಚ್ಚಳಕ್ಕೆ ಚರ್ಮದ ತೇಪೆ ಹಾಕಿರೋದು... ಅದನ್ನ ಇನ್ನೂ ಶುರು ಮಾಡಿಲ್ಲ ತಾನೇ?"

ಆ ಲ್ಯಾಪ್‌ಟಾಪ್ ಅವಳ ಮುಂದೆಯೇ ಇತ್ತು. ಅವಳು ಮುಖ ಎತ್ತಿ ನೋಡಿದಳು. ರಿಪೇರಿ ಅಂಗಡಿಗೆ ಬರುವವರ ಕಣ್ಣಲ್ಲಿ ಅನುಮಾನ ಇರುತ್ತದೆ, ಇಲ್ಲವೇ ಅವಸರ. ಇವನ ಕಣ್ಣಲ್ಲಿ ಎರಡೂ ಇರಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಕೊಟ್ಟು, ಕತ್ತಿನ ಕೆಳಗೆ ಕೈ ಕೊಡಿ ಅಂತ ಹೇಳಲು ಮರೆತವನ ಹಾಗೆ ಅವನು ನೋಡುತ್ತಿದ್ದ.

"ಈಗಷ್ಟೇ ಕೈಗೆ ತಗೊಂಡೆ," ಅಂದಳು.

"ಸದ್ಯ." ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ಬೆಳಿಗ್ಗೆ ಅಂಗಡಿಯ ಹಿರಿಯರ ಹತ್ತಿರ ಎಲ್ಲಾ ಹೇಳಿದೆ, ಮುಖ್ಯವಾದದ್ದೇ ಬಿಟ್ಟೆ. ಅದರ ಡಿಸ್ಕಿನಲ್ಲಿ ಹೆಸರಿಲ್ಲದ ಒಂದು ಭಾಗ, ಒಂದು ಪಾರ್ಟಿಷನ್ ಇದೆ. ನೋಡೋಕೆ ಖಾಲಿ ಥರ ಕಾಣುತ್ತೆ. ಅದೊಂದನ್ನ ಮುಟ್ಟಬೇಡಿ. ನನ್ನ ಕಾಲುಗಳೆಲ್ಲ ಅದರಲ್ಲೇ ಇರೋದು."

"ನಿಮ್ಮ ಕಾಲುಗಳಾ?"

ಅವನು ಬಗ್ಗಿ ತನ್ನ ಎರಡೂ ಕಾಲುಗಳನ್ನು ನೋಡಿಕೊಂಡು ನಕ್ಕ. "ಇವಲ್ಲ. ಊರಿನವರದ್ದು. ಇನ್ನೂರ ಹನ್ನೆರಡು ಜೋಡಿ."

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಈಗ ಅವಳ ಕಣ್ಣು ಪರದೆಯ ಕಡೆಗೆ ಹೋಯಿತು. ಪಟ್ಟಿ ಎಪ್ಪತ್ತೊಂದು... ಎಪ್ಪತ್ತೆರಡು...

ಅವಳು ಪರದೆಯನ್ನು ಒಂದು ಬೆರಳಿನಷ್ಟು, ಬರೀ ಒಂದು ಬೆರಳಿನಷ್ಟು, ತನ್ನ ಕಡೆಗೆ ತಿರುಗಿಸಿಕೊಂಡಳು.

ಅವಳ ನಾಚಿಕೆ ಶುರುವಾದದ್ದು ಅಲ್ಲಿಂದ.

*

ಅಂಗಡಿ ಅವಳ ಸೋದರಮಾವನದು. ಅವಳಿಗೆ ಸೂಜಿ ಅಂತ ಹೆಸರಿಟ್ಟವನೂ ಅವನೇ. ಮೈ ಸಣ್ಣ, ಮಾತು ಚುಚ್ಚುತ್ತದೆ, ಆದರೆ ಹರಿದದ್ದನ್ನೆಲ್ಲ ಹೊಲಿದು ಕೊಡುತ್ತಾಳೆ ಅಂತ ಗಿರಾಕಿಗಳ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದ.

ಮಾವನಿಗೆ ಇದ್ದದ್ದು ಒಂದೇ ಕಟ್ಟಳೆ. ಯಾರದೇ ಡಿಸ್ಕ್ ಆಗಲಿ, ಅದನ್ನು ಭಾಗ ಮಾಡುವ ಮೊದಲು ಇಡೀ ಡಿಸ್ಕಿನ ನಕಲನ್ನು ಅಂಗಡಿಯ ದೊಡ್ಡ ಡಿಸ್ಕಿಗೆ ತೆಗೆದಿಡಬೇಕು. ಪ್ರತಿ ಯಂತ್ರಕ್ಕೂ ಅಂಟಿಸುವ ಚೀಟಿಯಲ್ಲಿ 'ನಕಲು ಆಯಿತು' ಅಂತ ಒಂದು ಚೌಕ. ಅದರಲ್ಲಿ ಗೀಟು ಎಳೆದು ಸಹಿ ಹಾಕಿದ ಮೇಲೆಯೇ ಮುಂದಿನ ಕೆಲಸ.

ನಕಲಿಗೆ ಎರಡೆರಡು ಗಂಟೆ ಹಿಡಿಯುತ್ತಿತ್ತು. ನೂರಾರು ಡಿಸ್ಕ್ ಮಾಡಿದ್ದಳು, ಒಂದು ಸಲವೂ ಆ ನಕಲು ಬೇಕಾಗಿರಲಿಲ್ಲ. ನೂರು ದಿನ ಕೊಡೆ ಹಿಡಿದುಕೊಂಡು ಹೋಗಿ ಒಂದು ಹನಿಯೂ ಬೀಳದಿದ್ದರೆ, ನೂರ ಒಂದನೇ ದಿನ ಕೊಡೆ ಮನೆಯಲ್ಲೇ ಉಳಿಯುತ್ತದೆ. ಈಚೆಗೆ ಅವಳು ಬೆಳಿಗ್ಗೆ ಚಹಾ ಕುಡಿಯುತ್ತಲೇ ಅವತ್ತಿನ ಎಲ್ಲಾ ಚೀಟಿಗಳಿಗೂ ಒಟ್ಟಿಗೆ ಗೀಟು ಎಳೆದುಬಿಡುತ್ತಿದ್ದಳು. ಆಮೇಲೆ ಮಾಡಿದರಾಯಿತು ಅಂತ. ಎಷ್ಟೋ ಸಲ ಆ 'ಆಮೇಲೆ' ಬರುತ್ತಲೇ ಇರಲಿಲ್ಲ.

ಈ ಲ್ಯಾಪ್‌ಟಾಪಿನ ಚೀಟಿಯಲ್ಲಿ ಮಾವ ಬರೆದದ್ದು ಇಷ್ಟೇ: ಲಿನಕ್ಸ್ ಹಾಕಬೇಕು, ಈಗಿರುವ ಸಿಸ್ಟಮ್ ಪಕ್ಕದಲ್ಲೇ. ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್. ಅವಳು ಡಿಸ್ಕಿನ ನಕ್ಷೆ ತೆಗೆದು ನೋಡಿದ್ದಳು. ಈಗಿರುವ ಸಿಸ್ಟಮ್ಮಿಗೆ ದೊಡ್ಡ ಭಾಗ. ಅದರ ಪಕ್ಕದಲ್ಲಿ ಬೂದು ಬಣ್ಣದ ಒಂದು ತುಂಡು. ಹೆಸರಿಲ್ಲ, ಗುರುತಿಲ್ಲ. ಯಾವುದೋ ಕಾಲದ ಹಳೆಯ ಲಿನಕ್ಸಿನ ಕಸ ಇರಬೇಕು ಅಂದುಕೊಂಡಳು. ತೆರೆದು ನೋಡಲಿಲ್ಲ. ಅಳಿಸಿ, ಆ ಜಾಗವನ್ನೇ ಹೊಸ ಲಿನಕ್ಸಿಗೆ ಕೊಟ್ಟಳು. ಅಣ್ಣತಮ್ಮಂದಿರಿಗೆ ಮನೆ ಪಾಲು ಮಾಡಲು ಬಂದವರು ಮೂಲೆಯ ಕೋಣೆ ಖಾಲಿ ಅಂತ ಕೆಡವಿಸಿದ ಹಾಗೆ. ಒಳಗೆ ಅಜ್ಜಿ ಮಲಗಿದ್ದಾಳೆ ಅಂತ ಆಮೇಲೆ ಗೊತ್ತಾಗುವುದು.

ಸ್ಟೂಲಿನ ಮೇಲೆ ಕೂತವನು ಆ ಅಜ್ಜಿಯ ಕಥೆಯನ್ನೇ ಹೇಳುತ್ತಿದ್ದ.

ಅವನು ಬೂಟು ಹೊಲಿಯುವವನು. ಅಂಗಡಿಯಲ್ಲಿ ಸಿಗುವ ಬೂಟು ಹಿಡಿಸದ ಕಾಲುಗಳಿಗೆ ಮಾತ್ರ. ಒಂದು ಉದ್ದ ಒಂದು ಗಿಡ್ಡ ಇರುವವರು, ಬೆರಳು ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಅಂಗಾಲು ಜಡವಾದವರು. ಹನ್ನೆರಡು ವರ್ಷಗಳಿಂದ ಅವನ ತಾಯಿ ಪ್ರತಿಯೊಬ್ಬರನ್ನೂ ಕಾಗದದ ಮೇಲೆ ನಿಲ್ಲಿಸಿ, ತಾನು ಮೊಣಕಾಲೂರಿ, ಪಾದದ ಸುತ್ತ ಪೆನ್ಸಿಲ್ ಎಳೆದು ಅಳತೆ ಬರೆದಿದ್ದಳು. ಎರಡು ವರ್ಷದ ಹಿಂದೆ ಚಿಕ್ಕ ಮನೆಗೆ ಬರುವಾಗ ಗೆಳೆಯನೊಬ್ಬ ಎಲ್ಲವನ್ನೂ ಸ್ಕ್ಯಾನ್ ಮಾಡಿ ಲಿನಕ್ಸಿನ ಕಡೆ ಇಟ್ಟುಕೊಟ್ಟ. ಕಾಗದದ ಗಂಟು ಹೊರಗೆ ಹೋಯಿತು. ಹೋದ ತಿಂಗಳು ಆ ಲಿನಕ್ಸ್ ಏಳುವುದನ್ನೇ ನಿಲ್ಲಿಸಿತು. ಉಳಿದ ಸಿಸ್ಟಮ್ಮಿಗೆ ಆ ಭಾಗವನ್ನು ಓದಲು ಬರುವುದಿಲ್ಲ. ಅದಕ್ಕೇ ಹೊಸ ಲಿನಕ್ಸ್. ಆ ಹೆಸರಿಲ್ಲದ ಕೋಣೆಯ ಬೀಗ ತೆಗೆಯಲು.

ಅವನು ಯಾವುದಕ್ಕಾಗಿ ಬಂದಿದ್ದನೋ ಅದನ್ನೇ ಅವಳು ಅಳಿಸಿದ್ದಳು.

ಆ ಗಳಿಗೆಯಲ್ಲಿ ಅವಳು ಮಾಡಬಹುದಾದ ಕೆಲಸ ಒಂದಿತ್ತು. ತಕ್ಷಣ ಯಂತ್ರ ಆರಿಸುವುದು. ಹೊಸದು ಪೂರ್ತಿ ಬರೆದುಕೊಳ್ಳುವ ಮೊದಲು ನಿಲ್ಲಿಸಿದ್ದರೆ ಹಳೆಯದರಲ್ಲಿ ಒಂದಷ್ಟನ್ನು ಬಗೆದು ತೆಗೆಯಬಹುದಿತ್ತು. ಆದರೆ ಆರಿಸಿದರೆ, ಯಾಕೆ ಆರಿಸಿದೆ ಅಂತ ಹೇಳಬೇಕಾಗುತ್ತಿತ್ತು...

ಅವಳು ಆರಿಸಲಿಲ್ಲ. ತಲೆಯಾಡಿಸುತ್ತಾ ಕಾಲುಗಳ ಕಥೆ ಕೇಳಿದಳು. ಪಟ್ಟಿ ನೂರಕ್ಕೆ ಹೋಗಿ, ಯಂತ್ರ ಟಿಣ್ ಅಂತು.

ಮಾವ ಒಳಗಿನಿಂದ ಎರಡು ಲೋಟ ಚಹಾ ತಂದ. ಬಂದವನ ಆತಂಕ ಕೇಳಿ, ಚೀಟಿಯ ಮೇಲಿನ ಗೀಟನ್ನು ಬೆರಳಿಂದ ತಟ್ಟಿ ತೋರಿಸಿದ. ಹೆದರಬೇಡಪ್ಪ, ನಮ್ಮ ಸೂಜಿ ನಕಲು ತೆಗೆಯದೆ ಕೈ ಇಡೋಳಲ್ಲ.

ಇಬ್ಬರೂ ಅವಳನ್ನೇ ನೋಡಿದರು. ಒಬ್ಬನ ಮುಖದಲ್ಲಿ ಹೆಮ್ಮೆ, ಇನ್ನೊಬ್ಬನ ಮುಖದಲ್ಲಿ ನಿರಾಳ.

"ನಕಲು ಮಾಡುವಾಗಲೇ ಆ ಭಾಗ ಓದೋಕೆ ಆಗಲಿಲ್ಲ ಮಾವ," ಅಂದಳು. "ಡಿಸ್ಕ್ ಅಲ್ಲಿ ಮೊದಲೇ ಕೆಟ್ಟುಹೋಗಿತ್ತು."

ಎಷ್ಟು ನುಣುಪಾಗಿ ಬಂತು ಆ ವಾಕ್ಯ! ಎಷ್ಟೋ ವರ್ಷದಿಂದ ಬಾಯಲ್ಲಿ ಕಾದು ಕೂತಿದ್ದ ಹಾಗೆ.

ಅವನು ಅಂಟು ಮೆತ್ತಿದ ಬೆರಳುಗಳಿಂದ ಮುಚ್ಚಳದ ಚರ್ಮದ ತೇಪೆಯನ್ನು ಸವರಿದ. ಆಮೇಲೆ ತಲೆ ಎತ್ತಿದ. ಅವಳ ಮುಖ ಕಂಡು ಅವನ ಮುಖವೇ ಮೆತ್ತಗಾಯಿತು.

"ನೀವು ಯಾಕೆ ಹೀಗಾದ್ರಿ? ನಿಮ್ಮ ತಪ್ಪೇನಿದೆ ಇದರಲ್ಲಿ?"

*

ಮುಂದಿನ ಎರಡು ವಾರ ಅವಳು ಮಧ್ಯಾಹ್ನದ ಊಟ ಬಿಟ್ಟು ಆ ಡಿಸ್ಕನ್ನು ಅಗೆದಳು. ಬೂದಿಯಲ್ಲಿ ಅಕ್ಕಿಕಾಳು ಆರಿಸಿದ ಹಾಗಿತ್ತು. ಸಿಕ್ಕಿದ್ದು ಮೂವತ್ತೊಂದು ಚಿತ್ರ. ಒಂದರಲ್ಲಿ ಹಿಮ್ಮಡಿ ಇದೆ, ಬೆರಳಿಲ್ಲ. ಇನ್ನೊಂದರಲ್ಲಿ ಹೆಬ್ಬೆರಳು, ಅದರ ಕೆಳಗೆ ಬರೀ ಕಪ್ಪು ಗೆರೆಗಳು. ಯಾವುದಕ್ಕೂ ಹೆಸರಿಲ್ಲ.

ಅವನ್ನು ಹಿಡಿದುಕೊಂಡು ಅವನ ಮನೆಯ ಮೆಟ್ಟಿಲು ಹತ್ತಿದಳು. ಮೂರನೇ ಮಹಡಿ. ಮುಂದಿನ ಕೋಣೆಯೇ ಕೆಲಸದ ಜಾಗ. ಗೋಡೆಯುದ್ದಕ್ಕೂ ಮರದ ಅಚ್ಚುಗಳು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮುಂದೆ, ಊದಿದ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಅವನ ತಾಯಿ.

ತಾಯಿ ಕನ್ನಡಕ ಏರಿಸಿಕೊಂಡು ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಇದು ಈಜು ಕಲಿಸುವವಳ ಎಡಗಾಲು. ಇದು ಬೇಕರಿಯ ಅಮ್ಮನದು, ನೋಡು, ಇಡೀ ದಿನ ನಿಂತು ನಿಂತು ಹಿಮ್ಮಡಿ ಹೇಗೆ ರೊಟ್ಟಿಯ ಹಾಗೆ ಚಪ್ಪಟೆಯಾಗಿದೆ. ಅರ್ಧ ಹಿಮ್ಮಡಿ ಕಂಡರೆ ಸಾಕು, ಇಡೀ ಮನುಷ್ಯನನ್ನು ಹೇಳುತ್ತಿದ್ದಳು. ಹನ್ನೊಂದನ್ನು ಗುರುತಿಸಿದಳು. ಆದರೂ ಮತ್ತೆ ಮೊದಲಿನಿಂದ ತಿರುವಿ ಹಾಕಿದಳು. ತಾಯಿ ಏನೋ ಹುಡುಕುತ್ತಿದ್ದಾಳೆ ಅಂತ ಸೂಜಿಗೆ ಅನ್ನಿಸಿತು.

ಏನು ಅಂತ ಅವನು ಮೆಟ್ಟಿಲಿಳಿಯುವಾಗ ಹೇಳಿದ. ಮೊದಲನೇ ಕಾಲು. ಅಳತೆ ತೆಗೆಯುವುದನ್ನು ಕಲಿಯಲು ತಾಯಿ ಮೊಟ್ಟಮೊದಲು ನಿಲ್ಲಿಸಿದ್ದು ಅವನ ತಂದೆಯನ್ನು. ಕಚಗುಳಿ ತಾಳಲಾರದೆ ಆತ ಕುಣಿದಾಡಿ, ಎಡಗಾಲಿನ ಗೆರೆ ಅಲೆಯಲೆಯಾಗಿ ಬಂದಿತ್ತಂತೆ. ಆತ ತೀರಿಕೊಂಡು ಐದು ವರ್ಷ. ಎಲ್ಲಾ ಕಾಗದ ಹೊರಗೆ ಹಾಕಿದ ದಿನ ಅದೂ ಹೋಯಿತು, ಸ್ಕ್ಯಾನ್ ಇದೆಯಲ್ಲ ಅಂತ.

ಅವಳು ಕಂಬಿ ಹಿಡಿದುಕೊಂಡಳು. 'ಹೇಳು. ಈಗಲೇ ಹೇಳು...' ಮನಸ್ಸು ಕೂಗಿತು. ಬಾಯಿ ಮಾತ್ರ ಬೇರೆಯೇ ಹೇಳಿತು.

"ಅಳತೆ ಎಲ್ಲಾ ಮತ್ತೆ ತೆಗೀಬೇಕಲ್ಲ... ನಿಮ್ಮ ಅಮ್ಮನಿಗೆ ಮೊಣಕಾಲು ಊರೋಕೆ ಆಗಲ್ಲ. ಭಾನುವಾರ ನಾನು ಬರ್ತೀನಿ. ಹೇಗೆ ಅಂತ ತೋರಿಸಿ."

*

ಹೀಗೆ ಭಾನುವಾರಗಳು ಶುರುವಾದವು.

ತಾಯಿ ಕುರ್ಚಿಯಲ್ಲಿ ಕೂತು ಕಲಿಸಿದಳು. ಪೆನ್ಸಿಲ್ ನೆಟ್ಟಗೆ ನಿಂತಿರಬೇಕು. ಒಳಗೆ ವಾಲಿದರೆ ಕಾಲು ಚಿಕ್ಕದಾಗುತ್ತದೆ, ಬೂಟು ಕಚ್ಚುತ್ತದೆ. ಅಳತೆ ಕೊಡುವವರನ್ನು ಮಾತಾಡಿಸುತ್ತಿರಬೇಕು. ಸುಮ್ಮನೆ ನಿಂತವರು ಕಾಲು ಬಿಗಿ ಹಿಡಿಯುತ್ತಾರೆ, ಮಾತಾಡುವಾಗ ಪಾದ ತನ್ನ ನಿಜವಾದ ಅಗಲಕ್ಕೆ ಬರುತ್ತದೆ.

ಬರಲು ಆಗದವರ ಮನೆಗೆ ಇಬ್ಬರೂ ಕಾಗದದ ಸುರುಳಿ ಹಿಡಿದು ನಡೆದು ಹೋಗುತ್ತಿದ್ದರು. ಅವಳು ಅಪರಿಚಿತರ ನೆಲದ ಮೇಲೆ ಮೊಣಕಾಲೂರುತ್ತಿದ್ದಳು. ಒರಟು ಹಿಮ್ಮಡಿ, ಬಾಗಿದ ಬೆರಳು, ಹಳೆಯ ಹೊಲಿಗೆಯ ಗುರುತು... ಅವರಿಗೆ ಸಂಕೋಚವಾಗುತ್ತಿತ್ತು. ತಮ್ಮ ಕಾಲು ಚೆನ್ನಾಗಿಲ್ಲ ಅಂತ ಕ್ಷಮೆ ಕೇಳುತ್ತಿದ್ದರು. ಆಗೆಲ್ಲ ಅವಳು ತಲೆ ಎತ್ತುತ್ತಿರಲಿಲ್ಲ.

ಒಬ್ಬ ಹಳೆಯ ಬಸ್ ಡ್ರೈವರ್ ಇದ್ದ. ನಲವತ್ತು ವರ್ಷ ಬ್ರೇಕ್ ಒತ್ತಿದ ಬಲಗಾಲು, ಮನೆಯಲ್ಲಿ ಹೆಂಡತಿ ಮಾತು ಶುರು ಮಾಡಿದರೆ ಈಗಲೂ ತಾನಾಗೇ ಒತ್ತಿಕೊಳ್ಳುತ್ತೆ ಅಂತ ನಗಿಸಿದ. ಹೊರಡುವಾಗ ಅವಳ ತಲೆ ಮುಟ್ಟಿ, ತಪ್ಪು ಮಾಡಿದ್ದು ಆ ಹಾಳು ಡಿಸ್ಕು, ಮಂಡಿ ಸವೆಸ್ತಾ ಇರೋದು ನೀನು, ನಿನ್ನಂಥ ಮಕ್ಕಳು ಎಷ್ಟು ಜನಕ್ಕೆ ಇದ್ದಾರು ಅಂದ.

ಅವಳು ಕಾಗದದ ಸುರುಳಿ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಬೀದಿಗೆ ಇಳಿದಳು. ಬೈದರೆ ತಡೆದುಕೊಳ್ಳಬಹುದು. ಹೊಗಳಿದರೆ ಎಲ್ಲಿಗೆ ಓಡುವುದು?

ಇದರ ನಡುವೆ, ಆಗಬಾರದ್ದು ಬೇರೆ ಆಗುತ್ತಿತ್ತು. ಬೂಟು ಸರಿಯಾಗಿದೆಯೋ ಇಲ್ಲವೋ ಅಂತ ಅವನು ಕಣ್ಣಿಂದ ನೋಡುತ್ತಿರಲಿಲ್ಲ. ಹಾಕಿಕೊಂಡವರನ್ನು ಮರದ ನೆಲದ ಮೇಲೆ ನಡೆಸಿ, ತಾನು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ಹಾಗೆ ಕಣ್ಣು ಮುಚ್ಚಿದಾಗ ಅವನ ಮುಖವನ್ನು ಅವಳು ಹೆದರಿಕೆಯಿಲ್ಲದೆ ನೋಡಬಹುದಿತ್ತು. ಒಂದು ದಿನ ಅವನು ಕಣ್ಣು ತೆರೆಯದೆಯೇ ಹೇಳಿದ, ನೀವು ಮೆಟ್ಟಿಲು ಹತ್ತೋದು ನನಗೆ ಗೊತ್ತಾಗುತ್ತೆ, ನಿಮ್ಮ ಎಡಗಾಲಿಗೆ ಸ್ವಲ್ಪ ಅವಸರ ಅಂತ.

ಅವತ್ತಿನಿಂದ ಅವಳು ಆ ಮೆಟ್ಟಿಲುಗಳನ್ನು ಎಣಿಸಿಕೊಂಡು ಹತ್ತುವಂತಾಯಿತು. ಯಾರಾದರೂ ತನ್ನ ಹೆಜ್ಜೆಯನ್ನು ಕಾಯುತ್ತಾರೆ ಅನ್ನುವುದು ಎಂಥ ಸುಖ. ಎಂಥ ಶಿಕ್ಷೆ.

'ಈ ಭಾನುವಾರ ಹೇಳ್ತೀನಿ' ಅಂದುಕೊಳ್ಳುತ್ತಿದ್ದಳು. ಅದು ಹೋಗಿ ಮುಂದಿನ ಭಾನುವಾರ. ಸುಳ್ಳಿಗೂ ಬಾಡಿಗೆದಾರನ ಗುಣವಿದೆ. ಮೊದಲು ಎರಡು ದಿನ ಇರುತ್ತೇನೆ ಅನ್ನುತ್ತದೆ, ಆಮೇಲೆ ಗೋಡೆಗೆ ಮೊಳೆ ಹೊಡೆಯಲು ಶುರು ಮಾಡುತ್ತದೆ.

*

ಹನ್ನೊಂದನೇ ಭಾನುವಾರ ಅವಳು ಬಂದಾಗ ತಾಯಿ ಮನೆಯಲ್ಲಿರಲಿಲ್ಲ. ದಾರ ತರಲು ಹೋಗಿದ್ದಾಳೆ ಅಂದ. ಅವನ ಕೂದಲು ಒದ್ದೆಯಾಗಿತ್ತು, ಬಾಚಿತ್ತು. ನೆಲದ ಮೇಲೆ ಹೊಸ ಕಾಗದ.

ಸಿಕ್ಕ ನೂರ ನಲವತ್ತು ಜನರದ್ದೂ ಮುಗಿದಿತ್ತು. ಉಳಿದವರಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ಲೋಕವನ್ನೇ. ಇನ್ನು ಯಾರು ಬರಬೇಕು ಅಂತ ಅವಳು ಕೇಳಿದಳು.

"ಒಬ್ಬರು ಬಾಕಿ ಇದ್ದಾರೆ," ಅಂದ. "ಶೂ ಬಿಚ್ಚಿ. ಆ ಎಡಗಾಲಿಗೆ ಯಾಕೆ ಅಷ್ಟು ಅವಸರ ಅಂತ ನೋಡಬೇಕು."

ಅವಳು ಬೇಡ ಅನ್ನುವಷ್ಟರಲ್ಲಿ ಅವನು ಮೊಣಕಾಲೂರಿ ಕೂತಾಗಿತ್ತು. ಅವಳು ಕಾಗದದ ಮೇಲೆ ನಿಂತಳು. ಪೆನ್ಸಿಲ್ ಹಿಮ್ಮಡಿಯಿಂದ ಹೊರಟು ಪಾದದ ಹೊರಬದಿಯಲ್ಲಿ ಮೆಲ್ಲಗೆ ಬಂತು. ಮೇಲಿಂದ ಅವಳಿಗೆ ಕಂಡದ್ದು ಅವನ ನೆತ್ತಿ, ಬಗ್ಗಿದ ಕತ್ತು. ಇಷ್ಟು ದಿನ ತಾನು ಎಲ್ಲರ ಮುಂದೆ ಹೀಗೆ ಕೂತಿದ್ದಳು. ಅದು ಸರಿಯಾಗಿತ್ತು. ಇದು ಸರಿಯಲ್ಲ...

"ಅಮ್ಮ ನಿನ್ನೆ ಒಂದು ಮಾತು ಕೇಳಿದರು," ಅವನು ತಲೆ ಎತ್ತದೆ ಹೇಳಿದ. "ಆ ಹುಡುಗಿ ಬರೀ ಭಾನುವಾರ ಯಾಕೆ ಬರ್ತಾಳೆ, ದಿನಾ ಇಲ್ಲೇ ಇರಬಾರದಾ ಅಂತ." ಪೆನ್ಸಿಲ್ ಕಿರುಬೆರಳ ಹತ್ತಿರ ನಿಂತಿತು. "ನಾನೂ ಅದನ್ನೇ ಕೇಳೋಣ ಅಂತ..."

"ಎದ್ದೇಳಿ."

"ನೋವಾಯ್ತಾ?"

"ದಯವಿಟ್ಟು ಎದ್ದೇಳಿ. ನನ್ನ ಕಾಲ ಹತ್ತಿರ ಕೂರಬೇಡಿ." ಅವಳ ದನಿ ಅವಳದೇ ಅನ್ನಿಸಲಿಲ್ಲ. "ಡಿಸ್ಕ್ ಕೆಟ್ಟಿರಲಿಲ್ಲ. ನಾನು ಅಳಿಸಿದ್ದು. ತೆರೆದೂ ನೋಡದೆ ಅಳಿಸಿದೆ. ನಕಲು ಮಾಡಿರಲಿಲ್ಲ, ಮಾಡಿದೆ ಅಂತ ಗೀಟು ಎಳೆದಿದ್ದೆ."

ಅವನು ಹಾಗೇ ಕೂತಿದ್ದ. ಪೆನ್ಸಿಲ್ ಇನ್ನೂ ನೆಟ್ಟಗೆ ನಿಂತಿತ್ತು.

ಅವಳು ನಿಲ್ಲಿಸಲಿಲ್ಲ. ಈಗ ನಿಂತರೆ ಉಳಿದದ್ದು ಎಂದೂ ಹೊರಗೆ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. "ನೀವು ಬಂದಾಗ ಪೂರ್ತಿ ಮುಗಿದಿರಲಿಲ್ಲ. ಆಗಲೇ ಆರಿಸಿದ್ರೆ ಎಷ್ಟೋ ಕಾಲುಗಳು ಉಳೀತಿದ್ವು. ನಿಮ್ಮ ಅಪ್ಪನದ್ದೂ ಉಳೀತಿತ್ತೇನೋ. ನಾನು ಪರದೆ ತಿರುಗಿಸಿಕೊಂಡು ಕೂತೆ."

ಅವನು ಪೆನ್ಸಿಲನ್ನು ಕಾಗದದ ಮೇಲೆ ಮಲಗಿಸಿದ.

"ಎಷ್ಟಕ್ಕೆ ಬಂದಿತ್ತು?" ಅಂತ ಕೇಳಿದ.

"ಏನು?"

"ನಾನು ಒಳಗೆ ಬಂದಾಗ. ಎಷ್ಟು ಆಗಿತ್ತು?"

"ಅರವತ್ತೆರಡು."

"ನಾನು ಅಮ್ಮನ ಕಥೆ ಹೇಳ್ತಾ ಇದ್ದೆ."

"ಹೂಂ."

"ನೀವು ತಲೆಯಾಡಿಸ್ತಾ ಇದ್ರಿ."

"ಹೂಂ."

ಅವನು ಎದ್ದು ನಿಂತ. ಅವಳ ಮುಖ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ, ಅಮ್ಮ ಬರುವ ಮೊದಲು ನೀವು ಹೋಗಿ ಅಂದ. ಕೂಗಲಿಲ್ಲ. ಅವಳು ಶೂ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದಳು. ಎರಡನೇ ಮಹಡಿಗೆ ಬಂದ ಮೇಲೆಯೇ ತಾನು ಬರಿಗಾಲಲ್ಲಿದ್ದೇನೆ ಅಂತ ಅವಳಿಗೆ ತಿಳಿದದ್ದು.

*

ಮಾರನೆಯ ದಿನ ಅಂಗಡಿ ತೆರೆಯುತ್ತಿದ್ದ ಹಾಗೆ ಮಾವನಿಗೂ ಹೇಳಿದಳು. ಮಾವ ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟ.

"ನಿನಗೆ ಸೂಜಿ ಅಂತ ಹೆಸರಿಟ್ಟೆ. ಕತ್ತರಿ ಅಂತ ಇಡಬೇಕಿತ್ತು."

ಆಮೇಲೆ ಚೀಟಿಗಳ ಡಬ್ಬವನ್ನೇ ಅವಳ ಮುಂದೆ ಸುರಿದು, ಸುಳ್ಳು ಗೀಟು ಎಳೆದದ್ದನ್ನೆಲ್ಲ ಬೇರೆ ಮಾಡು ಅಂದ. ಹದಿನೇಳು ಸಿಕ್ಕವು. ಹದಿನೇಳು ಜನಕ್ಕೂ ಅವಳ ಕೈಯಲ್ಲೇ ಫೋನ್ ಮಾಡಿಸಿದ. ಏನೂ ಕಳೆದಿಲ್ಲ ತಾನೇ ಅಂತ ಅವಳಿಂದಲೇ ಕೇಳಿಸಿದ. ಯಾರದ್ದೂ ಕಳೆದಿರಲಿಲ್ಲ. ಅದೃಷ್ಟ ಅಂದರೆ ಇದೇ, ಇದನ್ನ ನಂಬಿಕೊಂಡು ಅಂಗಡಿ ನಡೆಸೋಕೆ ಆಗಲ್ಲ ಅಂತ ಹೇಳಿ, ಡಿಸ್ಕುಗಳ ಕೆಲಸ ತಪ್ಪಿಸಿ ಅವಳನ್ನು ಕೀಬೋರ್ಡ್ ಶುಚಿ ಮಾಡಲು ಕೂರಿಸಿದ.

ಅವಳು ಕೀಲಿಗಳ ಸಂದಿಯಿಂದ ಬಿಸ್ಕತ್ತಿನ ಪುಡಿ, ಉಗುರಿನ ಚೂರು, ಯಾರದೋ ಹುಬ್ಬಿನ ಕೂದಲು ಕುಂಚದಿಂದ ಗುಡಿಸಿದಳು. ಹದಿನೆಂಟು ದಿನ. ಗಾಜಿನ ಬಾಗಿಲು ತೆರೆದಾಗಲೆಲ್ಲ ಕತ್ತು ಎತ್ತುತ್ತಿದ್ದಳು. ಎತ್ತಬಾರದು ಅಂದುಕೊಂಡು ಎತ್ತುತ್ತಿದ್ದಳು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಎತ್ತಲಿಲ್ಲ. ಅವತ್ತೇ ಅವನು ಬಂದ.

ಮಾವನ ಜೊತೆ ಮೆಲ್ಲಗೆ ಏನೋ ಮಾತಾಡಿದ. ಮಾವ ಚರ್ಮದ ತೇಪೆಯ ಲ್ಯಾಪ್‌ಟಾಪನ್ನು ತಂದು ಅವಳ ಮುಂದಿಟ್ಟು, ಇನ್ನೊಂದು ಸಿಸ್ಟಮ್ ತನ್ನನ್ನು ತಾನೇ ಹೊಸದು ಮಾಡಿಕೊಂಡಿದೆಯಂತೆ, ಈಗ ಯಾವುದು ಬೇಕು ಅಂತ ಕೇಳೋ ಪಟ್ಟಿಯೇ ಬರ್ತಿಲ್ಲ, ಲಿನಕ್ಸ್ ಕಡೆ ಹೋಗೋಕೆ ದಾರಿ ಇಲ್ಲ ಅಂದ. ಒಂದು ಕ್ಷಣ ಬಿಟ್ಟು, ನಿನ್ನ ಕೈಗೇ ಕೊಡಬೇಕಂತೆ ಅಂದ. ಆಮೇಲೆ ಒಳಗೆ ಹೋಗಿ, ಇಲ್ಲದ ಕೆಲಸವನ್ನು ಜೋರು ಸದ್ದು ಮಾಡುತ್ತಾ ಹುಡುಕಿಕೊಂಡ.

ದಾರಿ ಸರಿಮಾಡುವುದು ಹತ್ತು ನಿಮಿಷದ ಕೆಲಸ. ಅವಳು ಮೊದಲು ದೊಡ್ಡ ಡಿಸ್ಕಿನ ತಂತಿ ಎಳೆದು ಸಿಕ್ಕಿಸಿದಳು.

"ನಕಲು ತೆಗೀಬೇಕು. ಎರಡು ಗಂಟೆ ನಲವತ್ತು ನಿಮಿಷ ಹಿಡಿಯುತ್ತೆ," ಅಂದಳು, ಲ್ಯಾಪ್‌ಟಾಪಿಗೆ ಹೇಳುವ ಹಾಗೆ. "ಆಮೇಲೆ ಬನ್ನಿ."

"ಇಲ್ಲೇ ಕೂರ್ತೀನಿ."

ಕೂತ. ಅರ್ಧ ಗಂಟೆ ಇಬ್ಬರೂ ಪಟ್ಟಿಯನ್ನು ನೋಡಿದರು. ಪರದೆ ಇಬ್ಬರಿಗೂ ಕಾಣುವ ಹಾಗಿತ್ತು.

"ಮೊದಲ ವಾರ ಸಿಟ್ಟು," ಕೊನೆಗೆ ಅವನೇ ಶುರು ಮಾಡಿದ. "ಎರಡನೇ ವಾರವೂ ಸಿಟ್ಟೇ. ಆದರೆ ಮೆಟ್ಟಿಲ ಮೇಲೆ ಯಾರಾದರೂ ಬಂದರೆ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳೋ ಅಂಥ ಸಿಟ್ಟು."

ಅವಳಿಗೆ ಕಣ್ಣು ತುಂಬಿತು. ಒರೆಸಿಕೊಂಡರೆ ಅವನಿಗೆ ಗೊತ್ತಾಗುತ್ತದೆ ಅಂತ ಹಾಗೇ ಬಿಟ್ಟಳು.

"ಇನ್ನೂ ಹೋಗಿಲ್ಲ ಅದು," ಅವನು ಹೇಳಿದ. "ಹೋಗುತ್ತೋ ಇಲ್ಲವೋ ಗೊತ್ತಿಲ್ಲ. ಅಪ್ಪನ ಕಾಲು ನೆನಪಾದಾಗ ಮತ್ತೆ ಬರುತ್ತೆ. ಆದರೆ ನೀವು ಇಲ್ಲದ ಭಾನುವಾರ... ಅದನ್ನ ಸಹಿಸೋಕೆ ಆಗ್ತಿಲ್ಲ. ಸಿಟ್ಟು ಇಟ್ಟುಕೊಂಡೇ ಪ್ರೀತಿಸಬಹುದಾ ಅಂತ ಕೇಳೋಕೆ ಬಂದೆ."

"ಸಿಟ್ಟು ಇರಲಿ," ಅವಳು ಮೆಲ್ಲಗೆ ಅಂದಳು. "ಇರಬೇಕು. ಇಲ್ಲದಿದ್ರೆ ನಾನು ನಂಬಲ್ಲ." ಸ್ವಲ್ಪ ತಡೆದು, ಅವನ ಕಡೆ ತಿರುಗಿ, ಇಷ್ಟು ದಿನ ನುಂಗಿದ್ದನ್ನು ಹೇಳಿದಳು. "ನನಗೂ ಭಾನುವಾರ ಕಳೆಯೋಕೆ ಆಗ್ತಿಲ್ಲ. ನಿಮ್ಮನ್ನ ಬಿಟ್ಟು ಯಾವ ದಿನವನ್ನೂ..."

ಅವನು ಅಂಟು ಮೆತ್ತಿದ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಅವಳು ಕುಂಚ ಕೆಳಗಿಟ್ಟು ತನ್ನ ಕೈಯನ್ನು ಅದರೊಳಗೆ ಇಟ್ಟಳು. ಒಳಕೋಣೆಯಲ್ಲಿ ಸದ್ದು ಒಮ್ಮೆಲೇ ನಿಂತು, ಮತ್ತೆ ಮೊದಲಿಗಿಂತ ಜೋರಾಗಿ ಶುರುವಾಯಿತು. ಇಬ್ಬರಿಗೂ ನಗು ಬಂತು.

"ಈ ಭಾನುವಾರ ಬಾ," ಅಂದ ಅವನು. 'ಬನ್ನಿ' ಹೋಗಿ 'ಬಾ' ಬಂದದ್ದು ಅವಳ ಎದೆಗೆ ತಾಗಿತು. "ಅಮ್ಮ ದಿನಾ ಕೇಳ್ತಾರೆ. ಹುಷಾರಿಲ್ಲ ಅಂತ ಹೇಳಿದ್ದೀನಿ. ಬೇರೆ ಏನೂ ಹೇಳಿಲ್ಲ. ಹೇಳೋದೂ ಬೇಡ. ಡಿಸ್ಕ್ ಕೆಟ್ಟಿತ್ತು ಅಂತಲೇ ಇರಲಿ."

ಅವಳ ಕೈ ಅವನ ಕೈಯಲ್ಲೇ ಇತ್ತು. ಬಿಸಿಯಾಗಿತ್ತು. ಇಷ್ಟು ಸುಲಭ. ಬರೀ ತಲೆಯಾಡಿಸಿದರೆ ಸಾಕು. ತಲೆಯಾಡಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

"ಅಮ್ಮ ಇನ್ನೂ ಆಸೆ ಇಟ್ಟುಕೊಂಡಿದ್ದಾರಾ?" ಅಂತ ಕೇಳಿದಳು. "ಅಪ್ಪನ ಕಾಲು ಸಿಗುತ್ತೆ ಅಂತ?"

ಅವನು ಪಟ್ಟಿಯ ಕಡೆ ನೋಡಿದ. ಕೆಟ್ಟ ಡಿಸ್ಕನ್ನು ಸರಿಮಾಡುವ ದೊಡ್ಡ ಅಂಗಡಿ ಎಲ್ಲಾದರೂ ಇರಬೇಕು, ವಿಚಾರಿಸು ಅಂತ ಅಮ್ಮ ಹೇಳುತ್ತಲೇ ಇರುತ್ತಾರೆ ಅಂತ ಒಪ್ಪಿಕೊಂಡ. ಆಸೆ ಅಲ್ವಾ, ಇರಲಿ ಬಿಡು ಅಂದ.

"ನಾನೇ ಹೇಳ್ತೀನಿ ಅವರಿಗೆ."

"ಬಾಗಿಲು ಹಾಕಿಕೊಂಡರೆ?"

"ಹಾಕಿಕೊಳ್ಳಲಿ."

"ನನಗೂ ಕಷ್ಟ ಆಗುತ್ತೆ. ನಮ್ಮಿಬ್ಬರ ಮಧ್ಯೆ ಅಮ್ಮ ನಿಂತರೆ..." ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ. "ನೋಡು, ನಿಧಾನವಾಗಿ, ಯಾವಾಗಾದರೂ ನಾನೇ ಹೇಳ್ತೀನಿ. ನೀನು ಸುಮ್ಮನೆ ಬಂದು ಪಕ್ಕದಲ್ಲಿ ಕೂತರೆ ಸಾಕು. ಅಷ್ಟು ಮಾಡ್ತೀಯಾ?"

"ಇಲ್ಲ," ಅಂದಳು ಅವಳು, ಕೈ ಬಿಡಿಸಿಕೊಳ್ಳದೆ. "ಭಾನುವಾರ ಬರ್ತೀನಿ, ಹೇಳಿಯೇ ಕೂರ್ತೀನಿ."